ಒಂದೇ ತೋಳಿನ ರಕ್ತ

ಮಲೇರಿಯಾ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಬೇಕಾದರೆ ಅದು ಹೊಕ್ಕು ಕೂರಲು ಮನುಷ್ಯರ ಕೆಂಪು ರಕ್ತಕಣ ಬೇಕು. ನಮ್ಮ ಪ್ರಯೋಗಾಲಯಕ್ಕೆ ರಕ್ತ ಕೊಡುತ್ತಿದ್ದವರು ವ್ಯಾನಿನ ಡ್ರೈವರಣ್ಣ. ಇನ್ನೊಬ್ಬರ ರಕ್ತ ಬಳಸಕೂಡದೆಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು. ಅವರ ಸಹಾಯಕಿಯಾದ ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಎಡವಿದ್ದೂ ಅಲ್ಲಿಯೇ.

ಶುಕ್ರವಾರ ಮೇಡಂ ಅವರ ಹೊಸ ಔಷಧವನ್ನು ಪರೀಕ್ಷಿಸಲು ಎಂಟು ತಟ್ಟೆ ಸಿದ್ಧಪಡಿಸಿದೆ: ನಾಲ್ಕಕ್ಕೆ ಔಷಧ, ನಾಲ್ಕಕ್ಕೆ ಇಲ್ಲ. ಔಷಧವಿಲ್ಲದ ನಾಲ್ಕು ಮುಗಿಯುವಷ್ಟರಲ್ಲಿ ರಕ್ತದ ಟ್ಯೂಬು ಖಾಲಿಯಾಯಿತು. ಫ್ರಿಜ್ಜಿನೊಳಗೆ ಹಿಂಬದಿಯಲ್ಲಿ ಡ್ರೈವರಣ್ಣನದೇ ಇನ್ನೊಂದು ಇತ್ತು. ಒಬ್ಬರದೇ ತಾನೆ ಎಂದು ಔಷಧದ ನಾಲ್ಕಕ್ಕೂ ಅದನ್ನೇ ಹಾಕಿದೆ.

ಸೋಮವಾರ ಎಣಿಸಿದಾಗ ಔಷಧವಿಲ್ಲದ ಕಡೆ ನೂರು ಕಣಗಳಲ್ಲಿ ಆರರೊಳಗೆ ರೋಗಾಣು ಹೊಕ್ಕಿತ್ತು. ಔಷಧವಿದ್ದ ಕಡೆ ಎರಡರೊಳಗೆ. ಮೂರು ವರ್ಷದಿಂದ ಆ ಔಷಧದ ಹಿಂದೆ ಬಿದ್ದಿದ್ದ ಮೇಡಂ ಮುಖ ಅರಳಿತು. ಅದೇ ವಾರದ ಶುಕ್ರವಾರ ಹಿರಿಯ ವಿಜ್ಞಾನಿಗಳ ಮುಂದೆ ಇದನ್ನೇ ಹೇಳುವವರಿದ್ದರು.

ಮಂಗಳವಾರ ಆ ಎರಡನೆಯ ಟ್ಯೂಬನ್ನು ಬಿಸಾಡಲು ತೆಗೆದಾಗ ಅದರ ಮೇಲಿನ ತಾರೀಖು ಕಣ್ಣಿಗೆ ಬಿತ್ತು. ಅಂದು ಕೊಟ್ಟ ರಕ್ತವೇ ಎಂದು ಡ್ರೈವರಣ್ಣನನ್ನು ಕೇಳಿದೆ.

"ಹೌದು ತಂಗಿ, ಐದು ವಾರ ಆಯ್ತು. ಯಾಕೆ, ಹುಳಿ ಬಂತಾ ನನ್ನ ರಕ್ತ?"

"ಎರಡೂ ನಿಮ್ಮದೇ ಅಂತ ಹಾಕ್ಬಿಟ್ಟೆ, ಅಣ್ಣ."

"ಐದು ವಾರ ಫ್ರಿಜ್ಜಲ್ಲಿ ಕೂರಿಸಿದ್ರೆ ನಾನೇ ಸೆಟೆದು ಹೋಗ್ತಿದ್ದೆ. ಇನ್ನು ಅದ್ಯಾವ ಲೆಕ್ಕ?"

ಅವರು ಹೇಳಿದ್ದು ತಮಾಷೆಗೆ. ಆದರೆ ಕಣಗಳೂ ಹಾಗೆಯೇ: ಶೇಖರಿಸಿಟ್ಟಷ್ಟೂ ಬಿಗಿಯಾಗುತ್ತವೆ, ಆಕಾರಗೆಡುತ್ತವೆ. ಸಂಜೆ ತರಗತಿಯಲ್ಲಿ ಓದಿದ್ದೆ. ಅಂಥ ಕಣವನ್ನು ರೋಗಾಣು ಸುಲಭವಾಗಿ ಹೊಗಲಾರದೇನೋ. ಹಾಗಾದರೆ ತಡೆದದ್ದು ಔಷಧವೋ, ಹಳೆಯ ರಕ್ತವೋ? ನನ್ನ ಓದು ಅರೆಬರೆ, ಸುಮ್ಮನೆ ಹೆದರುತ್ತಿದ್ದೇನೆ ಎಂದುಕೊಂಡು ಎರಡು ಸಲ ಮೇಡಂ ಬಾಗಿಲವರೆಗೆ ಹೋಗಿ ಹಿಂತಿರುಗಿದೆ. ಮೂರನೆಯ ಸಲ ಒಳಗೆ ಹೋದೆ.

"ಎಲ್ಲಾ ತಟ್ಟೆಗೂ ಒಂದೇ ರಕ್ತ ಹಾಕಿಲ್ಲ, ಮೇಡಂ."

"ಬೇರೆಯವರದು ಹಾಕಿದ್ಯಾ?"

"ಇಲ್ಲ. ಔಷಧ ಇರೋದಕ್ಕೆ ಐದು ವಾರದ ಹಳೇದು ಹಾಕಿದೀನಿ."

ಮೇಡಂ ಕನ್ನಡಕ ತೆಗೆದರು. "ಇಷ್ಟು ಬೇಗ ಹೇಳಿದ್ಯಲ್ಲ, ದೊಡ್ಡ ಉಪಕಾರ. ಶುಕ್ರವಾರ ವೇದಿಕೆಗೇ ಬಂದು ಹೇಳ್ಬಹುದಿತ್ತು."

ಮೇಡಂ ಸೋಮವಾರದ ಲೆಕ್ಕದ ಹಾಳೆಯನ್ನು ಮಗುಚಿಟ್ಟರು.

"ನಿಂತೇನ್ ಮಾಡ್ತೀಯಾ? ಡ್ರೈವರನ್ನ ಕರಿ, ಮತ್ತೆ ಮಾಡೋಣ."

ಡ್ರೈವರಣ್ಣ ಅಂಗಿಯ ತೋಳು ಮಡಚಿ ಕೂತರು. ಈ ಸಲ ಔಷಧ ಇರುವುದಕ್ಕೂ ಇಲ್ಲದ್ದಕ್ಕೂ ಅಂದಿನ ರಕ್ತವನ್ನೇ ಹಾಕಿದೆವು. ಔಷಧವಿಲ್ಲದ ಇನ್ನೆರಡು ತಟ್ಟೆಗೆ ಮಾತ್ರ, ಬೇಕೆಂದೇ, ಹಳೆಯ ಟ್ಯೂಬಿನಲ್ಲಿ ಉಳಿದಿದ್ದ ರಕ್ತ.

ಶುಕ್ರವಾರ ಬೆಳಿಗ್ಗೆ ಎಣಿಸಿದೆ. ಹೊಸ ರಕ್ತದಲ್ಲಿ ಔಷಧವಿದ್ದರೂ ಆರು, ಇಲ್ಲದಿದ್ದರೂ ಆರು. ಹಳೆಯದರಲ್ಲಿ ಔಷಧವಿಲ್ಲದೆಯೇ ಎರಡು. ನನ್ನ ಮೇಲೆ ನಂಬಿಕೆ ಸಾಲದೆ ಮೇಡಂ ತಾವೇ ಇನ್ನೊಮ್ಮೆ ಎಣಿಸಿದರು. ಲೆಕ್ಕ ಬದಲಾಗಲಿಲ್ಲ.

ಔಷಧ ಕೆಲಸ ಮಾಡುವುದಿಲ್ಲವೆಂದು ಅವರು ಸಭೆಗೆ ನೇರವಾಗಿ ಹೇಳಿದರು. ಅರ್ಧ ಗಂಟೆಯ ಭಾಷಣ ನಾಲ್ಕು ನಿಮಿಷಕ್ಕೆ ಮುಗಿಯಿತು.