ಮೂರು ಕುಂಡ ಗೊಬ್ಬರದ್ದು, ಮೂರು ಮಣ್ಣಿನದು

ಅಕ್ಕನ ಹಿತ್ತಿಲಿಗೆ ಕೊಟ್ಟಿಗೆ ಗೊಬ್ಬರ ಹಾಕುವುದು ತನ್ನ ಹಕ್ಕೆಂದೇ ಪುಟ್ಟು ತಿಳಿದಿದ್ದ. ಐವತ್ತು ದಾಟಿದ ಆಳು, ಹನ್ನೆರಡು ಹಸು ಕಟ್ಟಿ ಅರ್ಧ ಊರಿಗೆ ಹಾಲು ಹಾಕುವವನು. ಆದರೂ ಅಕ್ಕನ ಬಾಯಲ್ಲಿ ಅವನು ಪುಟ್ಟುವೇ. ಹೆತ್ತವಳು ಬೇಗ ಕಣ್ಣು ಮುಚ್ಚಿದ್ದರಿಂದ ಅವನ ಮೂಗು ಒರೆಸಿದ್ದು, ಅಕ್ಷರ ತಿದ್ದಿಸಿದ್ದು, ಬೇಕಾದಾಗ ಬೆನ್ನಿಗೆ ಎರಡು ಬಿಟ್ಟಿದ್ದು ಎಲ್ಲ ಅಕ್ಕನೇ. ಆ ಋಣ ತೀರಿಸಲು ಅವನಿಗೆ ಗೊತ್ತಿದ್ದ ದಾರಿ ಸಗಣಿಯೊಂದೇ. ಅಕ್ಕನದ್ದೇ ಏಕೆ, ಯಾರದೇ ಖಾಲಿ ನೆಲ ಕಂಡರೂ "ನಾನೊಂದು ಬುಟ್ಟಿ ಗೊಬ್ಬರ ತಂದ್ಹಾಕ್ತೀನಿ" ಎನ್ನುವುದು ಅವನ ಬಾಯಿಚಟ. ಜನ ನಗುತ್ತಿದ್ದರು, ಹಾಕಿಸಿಕೊಳ್ಳುತ್ತಲೂ ಇದ್ದರು.

ಅಕ್ಕ ತರಕಾರಿ ಸಸಿ ಬೆಳೆಸಿ ಮಾರುವವಳು. ಅವಳ ಟೊಮೇಟೊ ಸಸಿ ನೆಟ್ಟರೆ ಕೋಲಿಗೂ ಬೇರು ಬರುತ್ತದೆ ಎಂದು ತಮಾಷೆ ಮಾಡುವವರಿದ್ದರು. ಈ ಸಲ ಅದೇ ಟೊಮೇಟೊ ಕೈಕೊಟ್ಟಿತು. ಬಾಡಲಿಲ್ಲ, ಹುಳವೂ ತಿನ್ನಲಿಲ್ಲ. ಎಳೆ ಎಲೆಗಳು ಬಟ್ಟಲಿನಂತೆ ಒಳಕ್ಕೆ ಮಡಚಿಕೊಂಡವು, ಕಾಂಡ ತಿರುಚಿಕೊಂಡಿತು, ತುದಿ ನೆಲ ನೋಡತೊಡಗಿತು. ಅಕ್ಕ ನೀರು ಹೆಚ್ಚಿಸಿ ನೋಡಿದಳು, ತಗ್ಗಿಸಿ ನೋಡಿದಳು. ಕೊನೆಗೆ ಗೋಡೆಯಾಚೆ ನೋಡಿದಳು.

ಗೋಡೆಯಾಚೆ ಇದ್ದವರು ಗಡಿಯಾರ ರಿಪೇರಿ ಮಾಡುವವರು. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದೆ ಹನ್ನೊಂದು ಗುಲಾಬಿ ಗಿಡ. ಒಂದಕ್ಕೆ ತಾವೇ ಕಸಿ ಕಟ್ಟಿ ಎರಡು ಬಣ್ಣದ ಹೂ ಬಿಡಿಸಿದ್ದರು. ಅದರ ಕಥೆಯನ್ನು ಕೇಳದವರಿಗೂ ಹೇಳುತ್ತಿದ್ದರು. ಪ್ರತಿ ಭಾನುವಾರ ಬೆಳಗ್ಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗಿಡಹೇನು ಹತ್ತದಿರಲೆಂದು ಕೈಪಂಪಿನಿಂದ ಔಷಧಿ ಹೊಡೆಯುತ್ತಿದ್ದರು. ಗಾಳಿ ಬೀಸುವುದು ಅಕ್ಕನ ಕಡೆಗೇ. ಅಕ್ಕನಿಗೆ ಇನ್ನೇನು ಸಾಕ್ಷಿ ಬೇಕು? ಗೋಡೆಯ ಮೇಲಿಂದಲೇ ಜಗಳಕ್ಕೆ ನಿಂತಳು. ಪುಟ್ಟುವೂ ಅಂದು ಅಲ್ಲೇ ಇದ್ದ, ಅಕ್ಕನಿಗಿಂತ ಎರಡು ಮಾತು ಜಾಸ್ತಿಯೇ ಆಡಿದ. ಗಡಿಯಾರದವರು ಪಂಪು ಕೆಳಗಿಟ್ಟು ಒಳಗೆ ಹೋದರು. ಇಪ್ಪತ್ತು ವರ್ಷದ ನೆರೆ ಅಂದಿಗೆ ಮುಗಿಯಿತು.

ಆಮೇಲೆ ಅಕ್ಕ ಕೃಷಿ ಕಚೇರಿಯ ಮೇಡಂ ಒಬ್ಬರನ್ನು ಕರೆಸಿದಳು, ಸಾಕ್ಷಿಗೆ ಒಂದು ದೊಡ್ಡ ಬಾಯಿ ಇರಲಿ ಎಂದು. ಆ ಹೆಣ್ಣುಮಗಳು ಸಸಿಮಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಸಸಿ ನೋಡಿ ತಲೆಯಾಡಿಸಿದಳು.

"ಹೇನಿನ ಔಷಧಿ ಹೇನಿನ ನರಕ್ಕೆ ಹೊಡೆಯುತ್ತೆ, ಎಲೆನ ಹೀಗೆ ಮಡಚಲ್ಲ. ಇದು ಕಳೆ ಔಷಧಿ ಕೆಲಸ. ಗಿಡ ಬೆಳೆಯೋಕೆ ಅಂತ ತನ್ನೊಳಗೇ ಒಂದು ರಸ ಮಾಡ್ಕೊಳ್ಳುತ್ತಲ್ಲ, ಅದರ ವೇಷ ಹಾಕ್ಕೊಂಡು ಒಳಗೆ ಹೋಗುತ್ತೆ. ಗಿಡ ದಿಕ್ಕುದೆಸೆ ಇಲ್ದೆ ಬೆಳೆದು, ಬೆಳೆದೇ ಸಾಯುತ್ತೆ."

ಗೊಬ್ಬರ ಎಲ್ಲಿಯದು ಎಂದು ಆಕೆ ಕೇಳಿದಳು. ತನ್ನ ತಮ್ಮನದು, ಬಂಗಾರದಂಥದು ಎಂದಳು ಅಕ್ಕ. ಹುಲ್ಲುಗಾವಲಿಗೇನಾದರೂ ಕಳೆ ಔಷಧಿ ಹೊಡೆದಿದ್ದಿರಾ ಎಂದು ಮೇಡಂ ಪುಟ್ಟುವಿನ ಕಡೆ ತಿರುಗಿದರೆ, ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಉತ್ತರಿಸಿಬಿಟ್ಟಳು.

"ಅವನು ನನ್ನ ಕೈಯಲ್ಲಿ ಬೆಳೆದೋನು. ಅಂಥದ್ದೆಲ್ಲ ಮಾಡಲ್ಲ."

ಪುಟ್ಟು ತೆರೆದ ಬಾಯಿ ಮುಚ್ಚಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಗತಿ ಅವನದಾಗಿತ್ತು. ಹೋದ ವರ್ಷ ಹುಲ್ಲಿನ ನಡುವೆ ಮುಳ್ಳುಗಿಡ ವಿಪರೀತ ಎದ್ದಿದ್ದಾಗ ಅಂಗಡಿಯಿಂದ ಡಬ್ಬಿ ತಂದು ಹೊಡೆದಿದ್ದ. ಅಂಗಡಿಯವನನ್ನು ಅವನು ಕೇಳಿದ್ದು ಒಂದೇ ಪ್ರಶ್ನೆ, ಹಸುವಿಗೆ ಏನೂ ಆಗುವುದಿಲ್ಲ ತಾನೇ? ಏನೂ ಆಗುವುದಿಲ್ಲ ಎಂದ ಅಂಗಡಿಯವನು. ಮುಳ್ಳುಗಿಡ ಸತ್ತಿತು, ಹುಲ್ಲು ನಳನಳಿಸಿತು. ಅದನ್ನೇ ಒಣಗಿಸಿ ಮೇಯಿಸಿದ, ಹಸುಗಳಿಗೆ ಏನೂ ಆಗಲಿಲ್ಲ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಲು ಅವನ ಕನ್ನಡಕ ಮನೆಯಲ್ಲಿತ್ತು.

ಪುಟ್ಟು ಗೇಟಿನ ತನಕ ಬಿಡಲು ಹೋದಾಗ ಮೇಡಂ ಮೆಲ್ಲಗೆ ಮಿಕ್ಕಿದ್ದನ್ನು ಹೇಳಿದಳು. ಕೆಲವು ಔಷಧಿ ಹುಲ್ಲಿನಲ್ಲಿ ಉಳಿಯುತ್ತದೆ, ಹಸುವಿನ ಹೊಟ್ಟೆಗೆ ಹೇಗೆ ಹೋಯಿತೋ ಹಾಗೇ ಹೊರಗೆ ಬರುತ್ತದೆ, ಸಗಣಿ ಗೊಬ್ಬರವಾದರೂ ಅದು ಸಾಯುವುದಿಲ್ಲ. ಅನುಮಾನವಿದ್ದರೆ ಮೂರು ಕುಂಡಕ್ಕೆ ಗೊಬ್ಬರ ಬೆರೆಸಿದ ಮಣ್ಣು, ಮೂರಕ್ಕೆ ಬರೀ ಮಣ್ಣು ತುಂಬಿ ಬೀನ್ಸ್ ಬೀಜ ಹಾಕಿ ನೋಡಿ. ಮೂರು ವಾರದಲ್ಲಿ ಗೊತ್ತಾಗುತ್ತದೆ.

ಪುಟ್ಟು ಹಾಗೇ ಮಾಡಿದ, ಆದರೆ ಯಾರಿಗೂ ಹೇಳಲಿಲ್ಲ. ಕೊಟ್ಟಿಗೆಯ ಕಿಟಕಿಯಲ್ಲಿ ಆರು ಕುಂಡ ಸಾಲಾಗಿ ಕೂತವು. ದಿನಾ ಹಾಲು ಕರೆದು ಕೈ ತೊಳೆದು ಮೊದಲು ನೋಡುತ್ತಿದ್ದುದು ಅವನ್ನೇ. ಆರನೇ ದಿನ ಆರೂ ಮೊಳೆತವು, ಅವನಿಗೆ ಜೀವ ಬಂದಂತಾಯಿತು. ಹನ್ನೆರಡನೇ ದಿನಕ್ಕೆ ಗೊಬ್ಬರದ ಮೂರರಲ್ಲೂ ಹೊಸ ಎಲೆ ಬಟ್ಟಲಾಗತೊಡಗಿತ್ತು. ಮೂರು ವಾರ ಎಂದಿದ್ದಾರಲ್ಲ, ಆಗಲಿ ನೋಡೋಣ ಎಂದುಕೊಂಡ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ; ಪುಟ್ಟು ಕೇಳಿಕೊಂಡಿದ್ದು ಬರೀ ಒಂಬತ್ತು ದಿನ.

ಹದಿನೇಳನೇ ದಿನ ಬೆಳಗ್ಗೆ ಅಕ್ಕ ತಾನೇ ಕೊಟ್ಟಿಗೆಯ ಬಾಗಿಲಿಗೆ ಬಂದಳು. ಹಾಲಿಗಲ್ಲ. ಮುಖ ಕಪ್ಪಿಟ್ಟಿತ್ತು.

"ಗುಲಾಬಿ ಎಲ್ಲಾ ಕಿತ್ತಾಕಿದ್ದಾರೆ ಕಣೋ. ಹನ್ನೊಂದೂ. ಬೇರು ಸಮೇತ ಕಿತ್ತು, ಕಡಿದು ಗಾಡಿಗೆ ಹಾಕಿ ಕಳಿಸಿಬಿಟ್ಟಿದ್ದಾರೆ. ನಾನು ಔಷಧಿ ನಿಲ್ಸಿ ಅಂದೆ, ಗಿಡ ಕೀಳಿ ಅಂದ್ನಾ?"

ಹನ್ನೊಂದೂ ಎಂದರೆ ಎರಡು ಬಣ್ಣದ್ದೂ ಹೋಯಿತು ಎಂದು ಪುಟ್ಟುವಿಗೆ ಹೊಳೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಅವನು ಸಾವಿರ ಸಲ ಆಡಿದ್ದ. ಬರೆ ಬೀಳುವುದನ್ನು ನೋಡುತ್ತ ಎತ್ತು ಸುಮ್ಮನೆ ಮೆಲುಕು ಹಾಕುತ್ತಿತ್ತು ಎಂದು ಗಾದೆಯಲ್ಲಿಲ್ಲ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಕ್ಕನ ಕೈ ಹಿಡಿದು ಕಿಟಕಿಯ ಹತ್ತಿರ ಕರೆತಂದ.

ಬಿಡಿಸಿ ಹೇಳಬೇಕಾಗಲಿಲ್ಲ. ನಲವತ್ತು ವರ್ಷ ಸಸಿ ನೋಡಿದ ಕಣ್ಣು, ಮೂರು ನೆಟ್ಟಗೆ ಮೂರು ಸೊಟ್ಟಗೆ ನಿಂತಿದ್ದನ್ನು ಒಂದೇ ನೋಟದಲ್ಲಿ ಓದಿತು. ಅಕ್ಕ ಸೊಟ್ಟ ಎಲೆಯೊಂದನ್ನು ಬೆರಳಿನಿಂದ ಬಿಡಿಸಲು ನೋಡಿದಳು. ಅದು ಮತ್ತೆ ಮಡಚಿಕೊಂಡಿತು.

"ಯಾವತ್ತು ಗೊತ್ತಾಯ್ತು ನಿಂಗೆ?"

ಇವತ್ತು ಎನ್ನಬಹುದಿತ್ತು. ಬೀನ್ಸ್ ಗಿಡ ಅವನ ಪರವಾಗಿ ಸಾಕ್ಷಿಯನ್ನೂ ಹೇಳುತ್ತಿತ್ತು.

"ಮೇಡಂ ಬಂದ ದಿನಾನೇ," ಎಂದ ಪುಟ್ಟು. "ನೀನು ‘ಅವನು ಅಂಥದ್ದೆಲ್ಲ ಮಾಡಲ್ಲ’ ಅಂದ್ಯಲ್ಲ, ಆವಾಗ್ಲೇ."

ಅಕ್ಕ ಬೈಯಲಿಲ್ಲ. ಚಿಕ್ಕವನಿದ್ದಾಗಿನಂತೆ ಬೆನ್ನಿಗೆ ಎರಡು ಬಿಟ್ಟಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಇನ್ನೆಷ್ಟು ಮನೆಗೆ ಹಾಕಿದ್ದೀಯ ಎಂದಷ್ಟೇ ಕೇಳಿದಳು. ಏಳು ಎಂದ. ಅವಳು ಒಂದು ಸೊಟ್ಟ ಕುಂಡ ಎತ್ತಿಕೊಂಡು ಹೊರಟಳು. ಇವನು ಒಂದು ನೆಟ್ಟನೆಯದನ್ನು ಹಿಡಿದು ಹಿಂದೆ ನಡೆದ.

ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ತಲೆ ಎತ್ತಿದರು. ಪುಟ್ಟು ನಿಂತಲ್ಲೇ ಎಲ್ಲವನ್ನೂ ಒಪ್ಪಿಸಿದ, ಡಬ್ಬಿಯನ್ನೂ, ಹದಿನೇಳು ದಿನವನ್ನೂ. ಅವರು ಎರಡೂ ಕುಂಡಗಳನ್ನು ದೀಪದಡಿಗೆ ಎಳೆದುಕೊಂಡು, ವಾಚಿನ ಚಕ್ರ ನೋಡುವಂತೆ ಒಂದೊಂದೇ ಎಲೆ ನೋಡಿದರು.

"ಅಂದ್ರೆ ನನ್ನಿಂದ ಆಗಿದ್ದಲ್ಲ," ಎಂದರು. ಸಿಟ್ಟಿರಲಿಲ್ಲ, ಎಷ್ಟೋ ದಿನದ ನಿದ್ದೆಗೇಡು ಇಳಿದ ದನಿಯಾಗಿತ್ತು. ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟು ಹೇಳಿದರು, "ಗಡಿಯಾರ ಕೆಟ್ರೆ ಯಾವ ಹಲ್ಲು ಸವೆದಿದೆ ಅಂತ ತಿಳಿಯೋ ತನಕ ಬಿಚ್ಚಿ ಇಟ್ಟಿರ್ತೀನಿ, ಎಸೆಯಲ್ಲ. ಗಿಡದ ವಿಷಯದಲ್ಲಿ ಅಷ್ಟು ತಾಳ್ಮೆ ಬರಲಿಲ್ಲ ನೋಡಿ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂವರೂ ಹಿತ್ತಿಲಿಗೆ ಹೋದರು. ಹನ್ನೊಂದು ಗುಂಡಿಗಳು ಬಾಯಿ ತೆರೆದುಕೊಂಡಿದ್ದವು, ಅಂಚಿನ ಮಣ್ಣು ಇನ್ನೂ ಹಸಿಯಾಗಿತ್ತು. ಇದರಲ್ಲಿ ಇನ್ನೇನು ಹಾಕುವುದೋ ಎಂದು ಗಡಿಯಾರದವರು ತಮ್ಮಷ್ಟಕ್ಕೇ ಅಂದುಕೊಂಡರು.

"ನಾನೊಂದು ಬುಟ್ಟಿ..." ಎಂದಿತು ಪುಟ್ಟುವಿನ ಬಾಯಿ.

ಇಬ್ಬರೂ ಅವನತ್ತ ತಿರುಗಿದರು. ಯಾರೂ ನಗಲಿಲ್ಲ. ಅವನು ಮಂಡಿಯೂರಿ, ಬರಿಗೈಯಿಂದ ಮೊದಲನೇ ಗುಂಡಿಗೆ ಅದರದ್ದೇ ಮಣ್ಣು ಎಳೆಯತೊಡಗಿದ.