ತೊಟ್ಟಿಯ ಮೇಲಿನ ಹೂವು

ಕೆಂಪಯ್ಯನವರ ಹಿತ್ತಿಲ ಸಿಮೆಂಟು ತೊಟ್ಟಿ ಮದ್ದೂರು ಸುತ್ತಿನಲ್ಲೇ ಹೆಸರಾಗಿತ್ತು. ನಾಲೆಯ ನೀರು ಬಂದು ಕಬ್ಬು ಕೈಹಿಡಿದ ಮೇಲೆ ಕಟ್ಟಿಸಿದ್ದು. ಆಳ ಎದೆಮಟ್ಟ. ಎತ್ತುಗಳು ನಿಂತಲ್ಲೇ ಬಾಯಿ ಹಾಕಲಿ ಎಂದು ದಂಡೆಯನ್ನು ಮಾತ್ರ ಮೊಣಕಾಲೆತ್ತರಕ್ಕೆ ನಿಲ್ಲಿಸಿದ್ದರು. ಬೇಸಿಗೆಯಲ್ಲಿ ಊರ ಹುಡುಗರು ಅದರಲ್ಲಿ ಬಿದ್ದು ಹೊರಳಾಡುವುದನ್ನು ನೋಡಿ ಅವರಿಗೆ ಹೆಮ್ಮೆ.

ಕಳೆದ ಮಾಘದಲ್ಲಿ ಅವರ ಮೊಮ್ಮಗ ಅದರಲ್ಲಿ ಮುಳುಗಿದ. ನಾಲ್ಕು ವರ್ಷದವನು. ಎತ್ತಿದವಳು ತಾಯಿ ಹೊಂಬಾಳಮ್ಮ. ಗಂಡ ಪುಟ್ಟರಾಜು ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದ. ಅವನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಇನ್ನು ಉಳಿದವಳು ಎರಡು ವರ್ಷದ ಮಗಳು ಮುದ್ದಿ. ತೊಟ್ಟಿಗೊಂದು ಬೇಲಿ ಹಾಕಿಸಿ ಎಂದು ಹೊಂಬಾಳಮ್ಮ ಮನೆಯವರೆಲ್ಲರನ್ನೂ ಕೇಳಿದಳು.

"ಗಂಗಮ್ಮ ಬೇಕೂಂತ ತಗೊಂಡ್ಳು ಕಣಮ್ಮಿ," ಎಂದಳು ಅತ್ತೆ ಚಿಕ್ಕಮಾದಮ್ಮ. "ಅವಳ ಮೊಕಕ್ಕೆ ಬೇಲಿ ಕಟ್ಟುದ್ರೆ ಇನ್ನೂ ಮುನುಸ್ಕೋತಾಳೆ. ಪೂಜೆ ಮಾಡನ. ಸಾಂತವಾಗ್ಲಿ."

ಭಾನುವಾರ ಬಂದ ಪುಟ್ಟರಾಜು ಹೇಳಿದ: "ಅಪ್ಪನ್ನ ಕೇಳ್ದೆ. ಎತ್ತು ಎಲ್ಲಿ ನೀರು ಕುಡೀಬೇಕು ಅಂತಾನೆ."

"ಅದಕ್ಕೇನಂದ್ರಿ?"

"ಏನನ್ನನ? ಅವನ ತೊಟ್ಟಿ."

ಹೀಗಾಗಿ ಶುಕ್ರವಾರ ಶುಕ್ರವಾರ ಪೂಜೆ ನಡೆಯಿತು. ದಂಡೆಗೆ ಅರಿಸಿನ, ಕುಂಕುಮ. ನೀರಿನ ಮೇಲೆ ಚೆಂಡುಹೂವು, ಕನಕಾಂಬರ. ಹೂವು ಬಿಡಿಸಿ ಕೊಡುತ್ತಿದ್ದವಳು ಹೊಂಬಾಳಮ್ಮನೇ. ಬೇಲಿ ಇಲ್ಲವೆಂದ ಮೇಲೆ ಇದಾದರೂ ಇರಲಿ ಎಂದುಕೊಂಡಿದ್ದಳು.

ಒಂದು ಶನಿವಾರ ಬೆಳಗ್ಗೆ ಅವಳು ರಾಗಿ ಬೀಸಿ ತಲೆಯೆತ್ತಿದಾಗ ಮುದ್ದಿ ಪಕ್ಕದಲ್ಲಿರಲಿಲ್ಲ. ಕರೆಯುತ್ತ ನಿಲ್ಲಲಿಲ್ಲ, ಹಿತ್ತಿಲಿಗೆ ಓಡಿದಳು. ಮಗು ದಂಡೆಯ ಮೇಲೆ ಹೊಟ್ಟೆಯೂರಿ ಬಾಗಿತ್ತು. ಎರಡು ಕಾಲೂ ನೆಲ ಬಿಟ್ಟಿದ್ದವು. ಹೊಂಬಾಳಮ್ಮ ಕೈಗೆ ಸಿಕ್ಕ ಕಾಲನ್ನು ಹಿಡಿದು ಎಳೆದಳು. ಸಿಮೆಂಟು ತರಚಿ ಹೊಟ್ಟೆಯ ಮೇಲೆ ರಕ್ತ ಜಿನುಗಿತು. ಮಗು ಅಳಲಿಲ್ಲ. ಮುಷ್ಟಿ ಬಿಚ್ಚಿ ತೋರಿಸಿತು.

"ಊವ," ಅಂದಿತು.

ನಿನ್ನೆ ಅವಳೇ ಬಿಡಿಸಿದ ಚೆಂಡುಹೂವು.

ಮಗುವನ್ನು ಎತ್ತಿಕೊಂಡು ಜಗಲಿಗೆ ಬಂದಳು. ಕೆಂಪಯ್ಯ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಮಾವ, ಮುದ್ದಿ ತೊಟ್ಟಿಗೆ ಬೀಳೋದ್ರಲ್ಲಿದ್ಲು."

"ಕಣ್ಣಿಟ್ಟು ನೋಡ್ಕೋಬೇಕಪ್ಪ. ನಿಂಗಿನ್ನೇನೈತೆ ಕೆಲ್ಸ?"

"ಓದ್ಸಲ ನಾನೆತ್ತಿದ್ದೆ," ಎಂದಳು ಹೊಂಬಾಳಮ್ಮ. "ಈ ಸಲ ನೀವು ಇಳ್ದು ನೀರು ಬಿಡ್ಬೇಕು."

ಅವರ ಬೆರಳು ಎಲೆಯ ಮೇಲೆ ನಿಂತಿತು. ಅವರು ಏಳಲಿಲ್ಲ. ಹೊಂಬಾಳಮ್ಮ ಮಗುವನ್ನು ಹಿತ್ತಿಲ ಬಾಗಿಲಲ್ಲಿ ಕುಳಿತಿದ್ದ ಅತ್ತೆಯ ಮಡಿಲಲ್ಲಿ ಕೂರಿಸಿ, ಸೆರಗು ಸಿಕ್ಕಿಸಿ, ಉಟ್ಟ ಸೀರೆಯಲ್ಲೇ ತೊಟ್ಟಿಗೆ ಇಳಿದಳು. ನೀರು ಎದೆಗೆ ಬಂತು. ತಳದಲ್ಲಿ ನೀರು ಬಿಡುವ ತೂತಿನ ಮರದ ಬಿರಡೆಗಾಗಿ ಕಾಲಿನಲ್ಲಿ ತಡಕುತ್ತ ನಡೆದಳು. ಅಂದೂ ಹೀಗೆಯೇ ಕಾಲಿನಲ್ಲಿ ತಡಕಿದ್ದಳು. ಬಿರಡೆ ಸಿಕ್ಕಿತು. ಉಸಿರು ಬಿಗಿಹಿಡಿದು ಮುಳುಗಿ ಅದನ್ನು ಕಿತ್ತಳು. ನೀರು ಕಬ್ಬಿನ ಗದ್ದೆಯತ್ತ ನುಗ್ಗಿತು.

"ಗಂಗಮ್ಮನ್ನ ಓಡಿಸ್ಬುಟ್ಯಲ್ಲೇ," ಎಂದಳು ಚಿಕ್ಕಮಾದಮ್ಮ. ಹಾಗೆನ್ನುವಾಗಲೂ ಮಗುವಿನ ಸೊಂಟವನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದಳು.

ಕೆಂಪಯ್ಯ ಬಂದು ದಂಡೆಯ ಬಳಿ ನಿಂತರು. ನೀರು ಸೊಸೆಯ ಮೊಣಕಾಲಿಗಿಳಿಯಿತು. ಪಾಚಿಯಲ್ಲಿ ಹಳೆಯ ಹೂಗಳು ಕಪ್ಪಾಗಿ ಅಂಟಿದ್ದವು.

"ಎತ್ಗೇನ್ಮಾಡೀಯೆ?"

"ಬೀದಿ ಬಾವೀಲಿ ಸೇದಿ ಉಯ್ತೀನಿ."

"ದಿನಾಲೂವಾ?"

"ದಿನಾಲೂ."

ಅವರು ಬಿರಡೆಗಾಗಿ ಕೈ ಚಾಚಿದರು. ಹೊಂಬಾಳಮ್ಮ ಕೊಡಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅವರು ಕೊಟ್ಟಿಗೆಯ ಕಡೆ ನಡೆದರು. ಅವಳು ಕೊನೆಯ ನೀರು ಇಳಿಯುವವರೆಗೂ ಬಿರಡೆ ಹಿಡಿದು ಅಲ್ಲೇ ನಿಂತಿದ್ದಳು.