ಶೀನಪ್ಪ ಆಚಾರಿ ಕೂಡಿಸಿದ ಮರ

“ಕೊಡಗಳನ್ನು ಸ್ವಲ್ಪ ಕೆಳಗಿಡಬಹುದಾ ಚೆನ್ನಕ್ಕ?” ಎಂದು ಕೇಳಿದರು ದೇವಕಿ ಟೀಚರು.

ಕೊಯಿಲದ ಚೆನ್ನಕ್ಕನ ಮನೆಯ ಜಗಲಿಯಲ್ಲಿ ನೀರಿನ ಕೊಡಗಳು ಕುಳಿತಿದ್ದದ್ದು ಹಳೆಯ ವಿಮಾನವೊಂದರ ಮೂತಿಯಲ್ಲಿ ತಿರುಗುತ್ತಿದ್ದ ಮರದ ಪ್ರೊಪೆಲ್ಲರಿನ ಒಂದು ಎಸಳಿನ ಮೇಲೆ. ಮೂವತ್ತು ವರ್ಷಗಳಿಂದ ಟೀಚರು ವಿಮಾನಗಳ ಆದಿಕಾಲದ ವಸ್ತುಗಳನ್ನು ಹುಡುಕಿ ತಂದು ಜೋಡಿಸಿಡುತ್ತಿದ್ದರು: ಚಾಲಕರ ಕನ್ನಡಕ, ಮೊದಮೊದಲ ವಿಮಾನ ಅಂಚೆಯ ಲಕೋಟೆ, ಫೋಟೋಗಳು. ಇಂಥದ್ದು ಸಿಕ್ಕಿರಲಿಲ್ಲ. ಸುದ್ದಿ ತಂದು ಈಗ ಜೊತೆಗೆ ಬಂದವನು ಜಾಲ್ಸೂರಿನ ಗುಜರಿ ವ್ಯಾಪಾರಿ ಶಫೀಕ್.

ಕೊಡ ಇಳಿಸಿ ಶಫೀಕ್ ಎಸಳನ್ನು ಮಗುಚಿದ. ಒಂದು ತುದಿ ಸಿಗಿದು ಮುರಿದಿತ್ತು. ಮುರಿದಲ್ಲಿಂದ ಒಂದು ಗೇಣು ಈಚೆ ಮರದ ಬಣ್ಣವೇ ಬೇರೆ. ಯಾರೋ ಹೊಸ ಮರ ಕೂಡಿಸಿದ್ದರು. ಟೀಚರು ಎಷ್ಟು ಕೆರೆದು ನೋಡಿದರೂ ಉಗುರಿಗೆ ಸಂದು ಸಿಗಲಿಲ್ಲ.

“ಅದು ನಮ್ಮ ಅಜ್ಜ ಶೀನಪ್ಪ ಆಚಾರಿ ಕೂಡಿಸಿದ್ದು,” ಎಂದರು ಎಂಬತ್ತು ದಾಟಿದ ಚೆನ್ನಕ್ಕ. “ಮೊದಲನೇ ಜರ್ಮನ್ ಯುದ್ಧದಲ್ಲಿ ಇರಾಕಿನ ಬಸ್ರಾಕ್ಕೆ ಹೋಗಿದ್ರು, ವಿಮಾನದ ಮರದ ಕೆಲಸಕ್ಕೆ. ಕೂಡಿಸಿದ ಮರವನ್ನು ನಂಬಿ ಹಾರುದು ಹೇಗೆ ಅಂತ ವಿಮಾನ ಹಾರಿಸುವ ಬಿಳಿ ದೊರೆ ಕೇಳಿದನಂತೆ. ‘ನಾನೂ ಕೂತ್ಕೊಳ್ತೇನೆ, ಹಾರಿಸಿ’ ಅಂದ್ರಂತೆ ಅಜ್ಜ.”

“ಕೂತ್ರಾ?” ಎಂದ ಶಫೀಕ್.

“ಕೂತ್ರು ಮಾರಾಯ! ನದಿಯ ಮೇಲೆ ಎರಡು ಸುತ್ತು. ಆಮೇಲೆ ಯಾವಾಗಲೋ ಇಳಿಯುವಾಗ ನೆಲಕ್ಕೆ ಬಡಿದು ಮುರಿಯಿತು. ‘ನಿನ್ನ ಸಂದು ಬಿಡ್ಲಿಲ್ಲ ಆಚಾರಿ’ ಅಂತ ದೊರೆಯೇ ಈ ತುಂಡು ಕೊಟ್ಟದ್ದು.”

ಟೀಚರ ಕಪಾಟಿನ ತುಂಬ ಹಾರಿದವರ ಹೆಸರುಗಳೇ. ಅವರನ್ನು ಹಾರಿಸಿದವನೊಬ್ಬನ ಕೈಕೆಲಸ ಕಂಡದ್ದು ಇದೇ ಮೊದಲು. ಕೊಡುತ್ತೀರಾ ಎಂದು ಕೇಳಲು ಬಂದವರು ಎಸಳನ್ನು ಚೆನ್ನಕ್ಕನ ಕಡೆಗೆ ಸರಿಸಿದರು.

“ಇದು ನಿಮ್ಮಲ್ಲೇ ಇರಲಿ,” ಎಂದರು.

“ಇಲ್ಲಿದ್ರೆ ಯಾರು ನೋಡುದು, ಗೆದ್ದಲಾ? ನೀವೇ ಕೊಂಡೋಗಿ. ಅಜ್ಜನ ಹೆಸರು ಬರೀಬೇಕು, ಅಷ್ಟೆ.”

ಮುಂದಿನ ಭಾನುವಾರ ಶಫೀಕ್ ಚೆನ್ನಕ್ಕನನ್ನು ಈಶ್ವರಮಂಗಲದ ಟೀಚರ ಮನೆಗೆ ಕರೆತಂದ. ಎಸಳಿನ ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದ ಹೆಸರನ್ನು ಟೀಚರು ಓದಿ ಹೇಳಿದರು. ಆಮೇಲೆ, ಅಜ್ಜ ಹತ್ತಿದ್ದು ಇಂಥದ್ದರಲ್ಲೇ ಇರಬೇಕು ಎನ್ನುತ್ತ ಆ ಕಾಲದ ವಿಮಾನವೊಂದರ ಫೋಟೋ ಮುಂದಿಟ್ಟರು.

“ಇದಕ್ಕೆ ಮಾಡೇ ಇಲ್ಲವಲ್ಲ ಟೀಚರೇ, ತಲೆ ಮೇಲೆ ಬರೀ ಆಕಾಶ!” ಎಂದರು ಚೆನ್ನಕ್ಕ.

ಬಟ್ಟೆ ಹೊದಿಸಿದ ರೆಕ್ಕೆ, ನಡುನಡುವೆ ತಂತಿ, ಚಾಲಕನ ಹಿಂದೆ ಬಯಲಿಗೆ ತೆರೆದ ಒಂದು ಪುಟ್ಟ ಆಸನ. ಚೆನ್ನಕ್ಕ ಆ ಆಸನದ ಮೇಲೆ ಬೆರಳಿಟ್ಟರು. ಹೊರಗೆ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಅವರು ಎತ್ತರದ ಗಾಳಿ ತಾಗಿದವರಂತೆ ಸೆರಗನ್ನು ಭುಜದ ಸುತ್ತ ಬಿಗಿಯಾಗಿ ಎಳೆದುಕೊಂಡರು.